ಸಾಯ್ಬನ ದಣಿದ ತೋಳು

ಪವಾಡಗಳು ಈಗೇಕೆ ಕಾಣುತ್ತಿಲ್ಲ? ಅನಮೋಡ ಘಾಟಿ ಇಳಿದು ಗೋವಾಕ್ಕೆ ನಡೆಯುವವರ ದಾರಿಯಲ್ಲಿ ಒಂದು ಹಳೆಯ ಪ್ರಶ್ನೆ

ನವೆಂಬರ್ ಕೊನೆಯ ವಾರ ಜೋಯಿಡಾ ತಾಲ್ಲೂಕಿನ ಅನಮೋಡದಲ್ಲಿ ಬೆಳಗಿನ ಮಂಜು ಬೇಗ ಕರಗುವುದಿಲ್ಲ. ಚೆಕ್‌ಪೋಸ್ಟಿನ ಮುಂದೆ ಲಾರಿಗಳು ಸಾಲು ಹಿಡಿದಿರುತ್ತವೆ. ಆ ಸಾಲಿನ ಪಕ್ಕದಲ್ಲೇ, ಹೆಗಲಿಗೆ ಚೀಲ ಏರಿಸಿಕೊಂಡ ಸಣ್ಣ ಸಣ್ಣ ಗುಂಪುಗಳು ಘಾಟಿಯ ಕಡೆ ಹೆಜ್ಜೆ ಹಾಕುತ್ತವೆ. ಕೈಯಲ್ಲಿ ಜಪಸರ, ಕಾಲಲ್ಲಿ ಹವಾಯಿ ಚಪ್ಪಲಿ. ಇಳಿದರೆ ಮೊಲೆಂ, ಆಮೇಲೆ ಫೋಂಡಾ, ಬಾಣಸ್ತರಿ, ಕೊನೆಗೆ ಹಳೆ ಗೋವಾ. 60 ಕಿಲೋಮೀಟರ್ ಆಸುಪಾಸಿನ ದಾರಿ. ಡಿಸೆಂಬರ್ 3ರಂದು ಅಲ್ಲಿನ ಬೊಮ್ ಜೀಜಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಫೆಸ್ತ್. ಕೊಂಕಣಿ ಮನೆಗಳಲ್ಲಿ ಅವರ ಹೆಸರು 'ಗೊಂಯ್ಚೊ ಸಾಯ್ಬ', ಅಂದರೆ ಗೋವಾದ ಒಡೆಯ.

ಹೀಗೆ ನಡೆಯುವವರು ಸಾಮಾನ್ಯವಾಗಿ ಹರಕೆ ಹೊತ್ತವರು. ಕೊಂಕಣಿಯಲ್ಲಿ ಅದಕ್ಕೆ 'ಆಂಗವ್ಣ್' ಎನ್ನುತ್ತಾರೆ. ಹರಕೆ ತೀರಿಸಲು ಹೊರಟವರ ಪಾಲಿಗೆ ಆಗಬೇಕಾದದ್ದು ಆಗಿಹೋಗಿದೆ: ಮಗುವಿನ ಜ್ವರ ಬಿಟ್ಟಿದೆ, ಮಗಳ ಹೆರಿಗೆ ಸಲೀಸಾಗಿದೆ, ಮಗನಿಗೆ ಕೆಲಸ ಸಿಕ್ಕಿದೆ. ಆದರೂ ಇಗರ್ಜಿಯಲ್ಲಿ ಫಾದರ್ ಹೇಳುವ ಪ್ರಸಂಗ ಕೇಳುತ್ತಾ ಬೆಳೆದ ಯಾರಿಗೂ ಒಂದು ಅನುಮಾನ ತಪ್ಪಿದ್ದಲ್ಲ. ಬೈಬಲಿನಲ್ಲಿ ಕುರುಡರು ಕಂಡರು, ಸತ್ತವರು ಎದ್ದರು. ಸಾಯ್ಬನ ಕಾಲದಲ್ಲಿ ಸಮುದ್ರಕ್ಕೆ ಬಿದ್ದ ಶಿಲುಬೆಯನ್ನು ಏಡಿ ತಂದುಕೊಟ್ಟಿತಂತೆ. ನಮ್ಮ ಕಾಲಕ್ಕೆ ಮಾತ್ರ ಯಾಕೆ ಏನೂ ಇಲ್ಲ?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಈ ದಾರಿಯ ಕೊನೆಯಲ್ಲಿ ಮಲಗಿರುವವರ ಬದುಕನ್ನೇ ನೋಡಬಹುದು.

ಝೇವಿಯರರು ಗೋವಾದಲ್ಲಿ ಕಾಲಿಟ್ಟದ್ದು 1542ರ ಮೇ 6ರಂದು. ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಚೀನಾ ದಡದಾಚೆಯ ಸಾಂಶಿಯಾನ್ ದ್ವೀಪದಲ್ಲಿ. ಮಾಂಸ ಬೇಗ ಕರಗಿ ಎಲುಬು ಒಯ್ಯಲು ಅನುಕೂಲವಾಗಲಿ ಎಂದು ಹೆಣದ ಸುತ್ತ ಸುಣ್ಣ ತುಂಬಿ ಹುಗಿದಿದ್ದರು. ತಿಂಗಳುಗಳ ಮೇಲೆ ತೆಗೆದು ನೋಡಿದಾಗ ದೇಹ ಕೆಟ್ಟಿರಲಿಲ್ಲ. ಮಲಾಕ್ಕಾ ಹಾದು 1554ರ ಮಾರ್ಚಿನಲ್ಲಿ ಅದು ಗೋವಾಕ್ಕೆ ಬಂತು. 1622ರಲ್ಲಿ ಸಂತ ಪದವಿ ಸಿಕ್ಕಿತು. ಹತ್ತು ವರ್ಷಕ್ಕೊಮ್ಮೆ ಆ ದೇಹವನ್ನು ಕೆಳಗಿಳಿಸಿ ಜನರ ದರ್ಶನಕ್ಕೆ ಇಡುತ್ತಾರೆ. ಕಳೆದ ಬಾರಿ ಇಟ್ಟದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ.

ಸಂತರೆಂದು ಸಾರುವ ಹೊತ್ತಿಗೆ ಅವರ ಹೆಸರಿನಲ್ಲಿ ಪವಾಡಗಳ ದೊಡ್ಡ ಪಟ್ಟಿಯೇ ಬೆಳೆದಿತ್ತು. ಕಲಿಯದೆಯೇ ಪರಭಾಷೆಗಳನ್ನು ಮಾತಾಡುವ ವರ ಅವರಿಗಿತ್ತು ಎಂಬುದೂ ಅದರಲ್ಲೊಂದು. ಆದರೆ ಅವರದೇ ಪತ್ರಗಳು ಬೇರೆ ಕಥೆ ಹೇಳುತ್ತವೆ. ತಮಿಳು ಕರಾವಳಿಯ ಕೆಲಸದ ಬಗ್ಗೆ 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಕಾಗದದಲ್ಲಿ ಅವರು ತೋಡಿಕೊಂಡದ್ದು ಭಾಷೆಯ ಕಷ್ಟವನ್ನು. ಅಲ್ಲಿನ ಜನರ ಮಾತು ಇವರಿಗೆ ತಿಳಿಯದು, ಇವರ ಬಾಸ್ಕ್ ಮಾತು ಅವರಿಗೆ ತಿಳಿಯದು. ಎರಡೂ ಬಲ್ಲ ಕೆಲವರನ್ನು ಕೂರಿಸಿಕೊಂಡು, ದಿನಗಟ್ಟಲೆ ಒದ್ದಾಡಿ ಪ್ರಾರ್ಥನೆಗಳನ್ನು ತಮಿಳಿಗೆ ತಂದು ಬಾಯಿಪಾಠ ಮಾಡಿಕೊಂಡರು. ದೀಕ್ಷಾಸ್ನಾನ ಕೊಟ್ಟು ಕೊಟ್ಟು ತೋಳು ಸೋತುಹೋಗುತ್ತಿತ್ತು ಎಂದೂ ಅದೇ ಕಾಗದದಲ್ಲಿದೆ. ರೋಗಿಗಳು ಗುಣವಾದದ್ದನ್ನೂ, ಮೂರು ದಿನ ಹೆರಿಗೆ ನೋವು ತಿಂದ ಹೆಣ್ಣುಮಗಳು ಹೆತ್ತು ಉಳಿದದ್ದನ್ನೂ ಅವರ ಪತ್ರಗಳು ಹೇಳುತ್ತವೆ, ನಿಜ. ಆದರೆ ಅದನ್ನೆಲ್ಲ ದೇವರ ಕೃಪೆಯ ಲೆಕ್ಕಕ್ಕೆ ಬರೆದು ಮುಂದಕ್ಕೆ ಹೋಗುತ್ತಾರೆ.

ಬಾಯಿಪಾಠ ಮಾಡಿದ ತಮಿಳು ಎರಡು ತಲೆಮಾರು ಕಳೆಯುವಷ್ಟರಲ್ಲಿ ಭಾಷಾವರವಾಯಿತು. ಸೋತ ಆ ಬಲಗೈಯನ್ನು 1614ರಲ್ಲಿ ದೇಹದಿಂದ ಬೇರ್ಪಡಿಸಿ ರೋಮಿಗೆ ಒಯ್ದರು. ಅದು ಈಗಲೂ ಅಲ್ಲಿನ ಜೆಸು ಇಗರ್ಜಿಯಲ್ಲಿದೆ.

ಅಂದರೆ ಪವಾಡ ಅಪರೂಪ ಎಂಬ ಕೊರಗು ನಮ್ಮ ಕಾಲದ್ದಲ್ಲ. ಝೇವಿಯರರು ಸತ್ತು 36 ವರ್ಷವಾಗಿತ್ತಷ್ಟೆ. ಅವರದೇ ಯೇಸುಸಭೆಯ ಹೊಸೆ ದೆ ಅಕೋಸ್ತಾ 1588ರಲ್ಲಿ ಅಚ್ಚಾದ ತಮ್ಮ ಪುಸ್ತಕದ ಒಂದು ಅಧ್ಯಾಯವನ್ನು ಈ ಪ್ರಶ್ನೆಗೇ ಮೀಸಲಿಟ್ಟರು: ಹಿಂದೆ ಅಪೊಸ್ತಲರಿಗೆ ಒದಗಿದ ಪವಾಡಗಳು ಈಗಿನ ಬೋಧಕರಿಗೆ ಏಕಿಲ್ಲ? ಪೆರುವಿನಲ್ಲಿ ವರ್ಷಗಟ್ಟಲೆ ದುಡಿದು ಬಂದವರು ಅವರು. ನಾವು ಪವಾಡದ ಕಾಲವೆಂದುಕೊಂಡ ಕಾಲದಲ್ಲಿ ಬದುಕಿದ್ದವರಿಗೂ ಅದು ಹಿಂದಿನವರ ಭಾಗ್ಯವಾಗಿಯೇ ಕಂಡಿತ್ತು.

ಇನ್ನೂ ಹಿಂದಕ್ಕೆ ಹೋದರೂ ಇದೇ ಮಾತು. ಉತ್ತರ ಆಫ್ರಿಕಾದ ಸಂತ ಅಗಸ್ಟಿನ್ ಸುಮಾರು 390ರಲ್ಲಿ, ಧರ್ಮ ಬೇರೂರಿದ ಮೇಲೆ ಅಂಥ ಅದ್ಭುತಗಳು ಮುಂದುವರಿಯಲಿಲ್ಲ ಎಂದು ಬರೆದರು. ಮುಪ್ಪಿನಲ್ಲಿ ಮಾತು ಬದಲಿಸಿದರು. 'ದೇವರ ನಗರ' ಗ್ರಂಥದ ಕೊನೆಯ ಭಾಗದಲ್ಲಿ ತಮ್ಮ ಹಿಪ್ಪೋ ಪಟ್ಟಣದಲ್ಲಿ ಗುಣವಾದವರಿಂದ ಬರೆಸಿಕೊಂಡ ಹೇಳಿಕೆಗಳು ಎರಡು ವರ್ಷ ತುಂಬುವ ಮೊದಲೇ 70ರ ಹತ್ತಿರ ಬಂದಿವೆ ಎಂದರು. ಜೊತೆಗೊಂದು ದೂರು: ಸುವಾರ್ತೆಯ ಪವಾಡಗಳನ್ನು ಎಲ್ಲೆಡೆ ಓದುತ್ತಾರೆ, ಇವು ಮಾತ್ರ ಆದ ಊರಿನಾಚೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹಳಿಯಾಳದ ಒಂದು ಕೇರಿಯಲ್ಲಿ ಹುಟ್ಟಿದ ಹರಕೆಯ ಕಥೆಯ ಗತಿಯೂ ಅದೇ. ಅಜ್ಜಿ ಇರುವ ತನಕ ಅದಕ್ಕೆ ಆಯುಷ್ಯ.

ಬೈಬಲನ್ನು ಒಂದೇ ಉಸಿರಿಗೆ ಓದಿದರೆ ಪುಟಪುಟಕ್ಕೂ ಪವಾಡ ಇದ್ದಂತೆ ಕಾಣುತ್ತದೆ. ಆದರೆ ಅದು ಶತಮಾನಗಳ ಕಥೆ. ಮೋಶೆಯ ಕಾಲ, ಎಲೀಯ ಮತ್ತು ಎಲೀಷರ ಕಾಲ, ಯೇಸು ಮತ್ತು ಅಪೊಸ್ತಲರ ಕಾಲ: ಪವಾಡಗಳು ಹೆಚ್ಚಾಗಿ ಗೊಂಚಲಾಗಿ ಸಿಗುವುದು ಈ ಮೂರು ಕಡೆ. ನಡುವೆ ಇರುವುದು ಬಿತ್ತನೆ, ಬರ, ಯುದ್ಧ, ಸೆರೆ. ಸ್ನಾನಿಕ ಯೋವಾನ್ನ ಒಂದೂ ಪವಾಡ ಮಾಡಲಿಲ್ಲ. ಯೋವಾನ್ನನ ಸುವಾರ್ತೆಯ ಕನ್ನಡ ಅನುವಾದದಲ್ಲಿ ಬರುವ 'ಸೂಚಕಕಾರ್ಯ' ಎಂಬ ಪದವೂ ಇದನ್ನೇ ನೆನಪಿಸುತ್ತದೆ. ಸೂಚನೆ ದಾರಿ ತೋರುವ ಕೈಮರ. ಮೈಲಿಗೊಂದಿದ್ದರೆ ಸಾಕು.

ಪವಾಡ ಅಪರೂಪವಾಗಲು ಇನ್ನೊಂದು ಕಾರಣ ಕಥೋಲಿಕ ಸಭೆಯ ಕಟ್ಟುನಿಟ್ಟು. ಮುಂದೆ ಹದಿನಾಲ್ಕನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ ಪ್ರೊಸ್ಪೆರೊ ಲಾಂಬರ್ತಿನಿ 1730ರ ದಶಕದಲ್ಲಿ ನಿಯಮ ಹಾಕಿದರು: ಕಾಯಿಲೆ ಗಂಭೀರವಾಗಿರಬೇಕು, ಥಟ್ಟನೆ ಪೂರ್ತಿ ಗುಣವಾಗಬೇಕು, ಮರುಕಳಿಸಬಾರದು, ಔಷಧ ಕೊಟ್ಟಿರಬಾರದು ಅಥವಾ ಕೊಟ್ಟದ್ದು ನಾಟಿರಬಾರದು. ಫ್ರಾನ್ಸಿನ ಲೂರ್ದಿಗೆ 1858ರಿಂದ ಕೋಟಿಗಟ್ಟಲೆ ಯಾತ್ರಿಕರು ಹೋಗಿದ್ದಾರೆ. ಗುಣವಾದೆವೆಂದು ಹೇಳಿಕೊಂಡವರು ಸಾವಿರಾರು. ಸಭೆ ಒಪ್ಪಿದ ಪವಾಡಗಳು 2018ರ ಹೊತ್ತಿಗೆ 70. ಔಷಧ ಮುಟ್ಟದ ರೋಗಿ ಇಂದು ಸಿಗುವುದಾದರೂ ಎಲ್ಲಿ? ಒಂದು ಕಾಲಕ್ಕೆ ಅನಮೋಡದ ಸುತ್ತಲಿನ ಸೂಪಾ ಸೀಮೆ ಎಂದರೆ ಮಲೇರಿಯಾ. ಆಗ ಜ್ವರ ಬಿಟ್ಟರೆ ಹರಕೆಯೇ ಕಾರಣ. ಈಗ ರಕ್ತ ಪರೀಕ್ಷೆ, ಮಾತ್ರೆ, ಆಮೇಲೆ ಮೇಣದಬತ್ತಿ. ಮೂರೂ ಒಟ್ಟಿಗೆ ನಡೆಯುವಾಗ ಲಾಂಬರ್ತಿನಿಯ ಜರಡಿಯಲ್ಲಿ ಏನೂ ಉಳಿಯುವುದಿಲ್ಲ.

ಎಲ್ಲ ಕ್ರೈಸ್ತರೂ ಹೀಗೆ ಯೋಚಿಸುವುದಿಲ್ಲ. ಪವಾಡಗಳು ಅಪೊಸ್ತಲರ ಮಾತಿಗೆ ಬಿದ್ದ ಮೊಹರು, ಶಾಸ್ತ್ರ ಕೈಸೇರಿದ ಮೇಲೆ ಅದರ ಕೆಲಸ ಮುಗಿಯಿತು ಎಂಬುದು ಪ್ರೊಟೆಸ್ಟೆಂಟರಲ್ಲಿ ಒಂದು ಪಂಥ. ಅದಕ್ಕೆ ತದ್ವಿರುದ್ಧ, 20ನೇ ಶತಮಾನದ ಆರಂಭದಲ್ಲಿ ಹಬ್ಬಿದ ಪೆಂತೆಕೋಸ್ತ್ ಸಭೆಗಳಲ್ಲಿ ಸ್ವಸ್ಥತೆಯ ಪ್ರಾರ್ಥನೆ ಆರಾಧನೆಯ ಜೀವಾಳ. ಒಬ್ಬರಿಗೆ ಮುಗಿದ ಅಧ್ಯಾಯ, ಇನ್ನೊಬ್ಬರಿಗೆ ಭಾನುವಾರದ ಸಂಗತಿ. ಮೈಕಿನಲ್ಲಿ ಸಾರಿದ ಪವಾಡ ಮರುದಿನ ಆಸ್ಪತ್ರೆಯ ಬಾಗಿಲಲ್ಲೂ ನಿಲ್ಲಬೇಕು ಎಂಬ ಎಚ್ಚರವಂತೂ ಎಲ್ಲರಿಗೂ ಬೇಕು. ಹುಷಾರಿಲ್ಲದವರ ಆಸೆಯನ್ನು ಮಾರುವವರು ಯಾವ ಧರ್ಮದಲ್ಲೂ ಕಡಿಮೆಯಿಲ್ಲ.

ಕನ್ನಡ ಕರಾವಳಿಯಲ್ಲಿ ದುಡಿದ ಸಂತರೊಬ್ಬರ ಕಥೆ ಇಲ್ಲಿ ಹೇಳಲೇಬೇಕು. ಗೋವಾದ ಬಾಣಾವಲಿಯ ಫಾದರ್ ಜುಜೆ ವಾಜ್ 1681ರಿಂದ 1684ರ ತನಕ ಕೆನರಾದಲ್ಲಿದ್ದರು. ಆಮೇಲೆ ಡಚ್ಚರ ಕಣ್ಣು ತಪ್ಪಿಸಿ ಶ್ರೀಲಂಕಾಕ್ಕೆ ಹೋದರು. ಕ್ಯಾಂಡಿಯಲ್ಲಿ ಬರಗಾಲ ಬಿದ್ದಾಗ ಅವರ ಪ್ರಾರ್ಥನೆಗೆ ಮಳೆ ಬಂತೆಂಬ ನಂಬಿಕೆಯಿದೆ. 1697ರಲ್ಲಿ ಅದೇ ಊರಿಗೆ ಸಿಡುಬು ಬಂತು. ಜನ ರೋಗಿಗಳನ್ನು ಬಿಟ್ಟು ಓಡುವಾಗ ವಾಜ್ ಉಳಿದರು. ಉಣಿಸಿದರು, ಗಾಯ ತೊಳೆದರು, ಸತ್ತವರನ್ನು ಹೂತರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ರೂಢಿಯಂತೆ ಬೇಕಿದ್ದ ಎರಡನೇ ಪವಾಡಕ್ಕೆ ವಿನಾಯಿತಿ ಕೊಟ್ಟೇ ಸಾರಿದರು.

ಅನಮೋಡದಿಂದ ಇಳಿದವರು ಹಳೆ ಗೋವಾ ಮುಟ್ಟುವಾಗ ಸಾಯ್ಬ ಎತ್ತರದ ಬೆಳ್ಳಿ ಪೆಟ್ಟಿಗೆಯಲ್ಲಿರುತ್ತಾರೆ. ದರ್ಶನದ ವರ್ಷವಲ್ಲದಿದ್ದರೆ ದೇಹ ಹತ್ತಿರದಿಂದ ಕಾಣುವುದಿಲ್ಲ. ಬಲಗೈಯಂತೂ ಅಲ್ಲಿಲ್ಲವೇ ಇಲ್ಲ. ಜನ ತಲೆ ಎತ್ತಿ ನೋಡುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ, ಮರದ ನೆರಳಿನಲ್ಲಿ ಕೂತು ಚಪ್ಪಲಿ ಕಳಚಿ ಊದಿದ ಪಾದ ತಿಕ್ಕಿಕೊಳ್ಳುತ್ತಾರೆ. ತೋಳು ಸೋತಿತೆಂದು ಕಾಗದ ಬರೆದ ಮನುಷ್ಯನಿಗೆ ಆ ಕಾಲುನೋವು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.