‘ಆರಾಮಾಗೇತಿ’ ಅಂತ ಗುಳಿಗೆ ಬಿಡಬ್ಯಾಡ್ರಿ!

“ಎದಿ ನೋವು ಹೋಗಿ ಮೂರು ತಿಂಗಳಾತು, ಇನ್ಯಾಕ್ರಿ ಗುಳಿಗಿ?”

ದುರ್ಗದಬೈಲಿರಲಿ, ಧಾರವಾಡದ ಸುಭಾಸ ರಸ್ತೆಯಿರಲಿ, ಔಷಧಿ ಅಂಗಡಿಗಳ ಮುಂದೆ ಈ ಮಾತು ಹೊಸದಲ್ಲ. ಉತ್ತರ ಸರಳ: ನೋವು ದೂರ ಇಟ್ಟಿರುವುದೇ ಆ ಗುಳಿಗೆ!

ಸ್ಟೆಂಟ್ ಕೂರಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಗುಳಿಗೆ ಕೊಡುತ್ತಾರೆ. ಸಾಮಾನ್ಯವಾಗಿ 6 ತಿಂಗಳಿಂದ ವರ್ಷದವರೆಗೆ ಎರಡೂ ಬೇಕು. ನಡುವೆ ಬಿಟ್ಟರೆ ಆ ಲೋಹದ ಜಾಲರಿಯಲ್ಲೇ ರಕ್ತ ಹೆಪ್ಪುಗಟ್ಟಿ ಮತ್ತೆ ಹಾರ್ಟ್ ಅಟ್ಯಾಕ್ ಆದೀತು. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಕೂಡದು. ಅಟೆನೊಲಾಲ್, ಮೆಟೊಪ್ರೊಲಾಲ್ ಗುಳಿಗೆಗಳನ್ನು ಒಮ್ಮೆಲೇ ಬಿಟ್ಟರೆ ನಾಡಿ ಓಡತೊಡಗಿ ಎದೆನೋವು ಮರಳುವುದುಂಟು. ಅವನ್ನು ಇಳಿಸುವುದಿದ್ದರೆ ಡಾಕ್ಟರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು.

ನಾಲಗೆಯಡಿಯ ಗುಳಿಗೆ

ಸಾರ್ಬಿಟ್ರೇಟ್ ಹಲವರ ಜೇಬಿನಲ್ಲಿರುತ್ತದೆ. ಡಾಕ್ಟರು ಬರೆದುಕೊಟ್ಟವರಿಗಷ್ಟೇ ಅದು. ನೆರೆಮನೆಯವರಿಗೆ ಹಂಚಲು ಪೇಢೆಯಲ್ಲ. ಕೂತುಕೊಂಡೇ ನಾಲಗೆಯಡಿ ಇಡಬೇಕು. ನಿಂತು ಇಟ್ಟರೆ ಬಿಪಿ ಇಳಿದು, ತಲೆ ತಿರುಗಿ ಬಿದ್ದಾರು. ‘ಗಂಡಸುತನದ ಗುಳಿಗೆ’ ನುಂಗಿದವರು ಸಾರ್ಬಿಟ್ರೇಟ್ ಇಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ನಾಚಿಕೆ ಬಿಟ್ಟು ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ತಡ ಮಾಡದೆ 108ಕ್ಕೆ ಫೋನು ಮಾಡಿ.

ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಚಾಳಿಯೂ ಹೃದ್ರೋಗಿಗಳಿಗೆ ಒಳ್ಳೆಯದಲ್ಲ. ನಿನ್ನೆ ಮರೆತಿದ್ದಕ್ಕೆ ಇವತ್ತು ಎರಡು ನುಂಗಬೇಡಿ. ಏಕಾದಶಿ, ರೋಜಾ ಹಿಡಿಯುವವರು ಗುಳಿಗೆಯ ಹೊತ್ತು ಹೇಗೆಂದು ಮೊದಲೇ ಕೇಳಿಕೊಳ್ಳಿ.

ರೊಕ್ಕದ ತಾಪತ್ರಯವೇ?

ಕೆಲವರು ಗುಳಿಗೆ ಬಿಡುವುದು ಹಟಕ್ಕಲ್ಲ, ರೊಕ್ಕಕ್ಕೆ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಕಡಿಮೆ ದರಕ್ಕೆ ಸಿಗುತ್ತದೆ. ಕಂಪನಿ ಹೆಸರು ಬೇರೆ ಇರಬಹುದು; ಔಷಧಿಯ ಹೆಸರು, ಮಿಲಿಗ್ರಾಂ ಒಂದೇ ಇರಬೇಕು. ಹಳೆಯದು ಬೇರೆ, ಹೊಸದು ಬೇರೆ ಅಂದುಕೊಂಡು ಎರಡನ್ನೂ ನುಂಗೀರಿ, ಜೋಕೆ!

ಕಲಘಟಗಿ, ನವಲಗುಂದದಿಂದ ಬಸ್ಸು ಹತ್ತಿ ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್)‌ಗೆ ಬರುವವರು ಒಂದು ಕೆಲಸ ಮಾಡಬೇಕು. ಮನೆಯಲ್ಲಿರುವ ಎಲ್ಲ ಗುಳಿಗೆ, ಹಳೇ ಚೀಟಿ, ನಾಟಿ ಔಷಧಿಯನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಬಂದು ಡಾಕ್ಟರ ಮೇಜಿನ ಮೇಲೆ ಸುರುವಬೇಕು. “ಆ ಕೆಂಪು ಗುಳಿಗಿ, ಆ ಬಿಳಿ ಗುಳಿಗಿ” ಎಂದರೆ ಯಾರಿಗೆ ತಿಳಿದೀತು?

ಗುಳಿಗೆ ಶುರು ಮಾಡಿದವರು ಡಾಕ್ಟರು. ನಿಲ್ಲಿಸುವ ಮಾತೂ ಅವರ ಬಾಯಿಂದಲೇ ಬರಲಿ.