ಮುದ್ದೆಯ ಎಸರಿಗೂ ಒಳ್ಳೆಯ ನೀರು ಬೇಕು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದು ಪಟ್ಟೆ ಕಾಣುತ್ತದೆ. ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಶಾಶ್ವತ ಹಲ್ಲುಗಳ ಎನಾಮಲ್ ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗಲೇ, ಅಂದರೆ ಎಂಟು ವರ್ಷ ತುಂಬುವುದರೊಳಗೆ, ಕುಡಿದ ನೀರಿನ ಫ್ಲೋರೈಡ್ ಹಾಕಿದ ಗುರುತು ಅದು. ಅದೇ ನೀರನ್ನು ಹತ್ತಾರು ವರ್ಷ ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಸೇರಿಕೊಳ್ಳುತ್ತಾ ಹೋಗಿ ಕತ್ತು, ಸೊಂಟ, ಮಂಡಿ ಬಿಗಿಯುತ್ತವೆ. ವಯಸ್ಸಾಯಿತು, ವಾಯು ಎಂದುಕೊಂಡು ಅವರು ನೋವು ನುಂಗುತ್ತಾರೆ.

ಫ್ಲೋರೈಡ್ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ನಮ್ಮ ಬಯಲುಸೀಮೆಯ ಕಣಶಿಲೆಯಲ್ಲೇ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಆದರೆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕಳೆದುಹೋಗುತ್ತದೆ, ಫ್ಲೋರೈಡಿಗೆ ತಡೆ ಇರುವುದಿಲ್ಲ. ಮಳೆಗೆ ತುಂಬುತ್ತಿದ್ದ ತೆರೆದ ಬಾವಿಗಳು ಬತ್ತಿ, ಬೋರ್‌ವೆಲ್ ಆಳಕ್ಕಿಳಿದಂತೆ ಇಂಥ ಹಳೆಯ ನೀರೇ ನಮ್ಮ ಪಾಲಿಗೆ ಬಂತು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು.

ಕಣ್ಣಿಗೂ ನಾಲಿಗೆಗೂ ಇದು ಗೊತ್ತಾಗುವುದಿಲ್ಲ. ಕಾಯಿಸಿದರೆ ರೋಗಾಣು ಸಾಯುತ್ತವೆ ನಿಜ. ಫ್ಲೋರೈಡ್ ಮಾತ್ರ ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಟಿಡಿಎಸ್ ಮೀಟರನ್ನೂ ನಂಬುವಂತಿಲ್ಲ. ಅದು ಒಟ್ಟು ಲವಣ ಎಷ್ಟಿದೆ ಎನ್ನುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟು ಎಂದಲ್ಲ.

ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬಂದರೆ ಚಿಂತೆ ಕಳೆಯಿತು ಎಂದು ನಾವು ತಿಳಿದಿದ್ದೇವೆ. ಆರ್‌ಓ ಪೊರೆ ಚೆನ್ನಾಗಿರುವವರೆಗೆ ಫ್ಲೋರೈಡಿನ ಬಹುಭಾಗ ಹೋಗುತ್ತದೆ, ನಿಜ. ಆದರೆ ಕ್ಯಾನ್ ನೀರು ಕುಡಿಯಲು ಮಾತ್ರ. ಮುದ್ದೆಗೆ ಎಸರಿಡುವುದು, ಅನ್ನ ಬೇಯಿಸುವುದು, ಬೇಳೆಗೆ ಹಾಕುವುದು ನಲ್ಲಿಯ ಬೋರ್ ನೀರನ್ನೇ. ಆ ನೀರೆಲ್ಲ ಹಿಟ್ಟಿನಲ್ಲಿ, ಅಕ್ಕಿಯಲ್ಲಿ ಇಂಗಿ ಊಟದ ಜೊತೆ ಒಳಗೆ ಹೋಗುತ್ತದೆ. ರಾಗಿಯಲ್ಲಿ ಧಾರಾಳವಾಗಿರುವ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಒಂದಷ್ಟು ಕಟ್ಟಿಹಾಕಬಲ್ಲದು. ಹಾಲು, ಮಜ್ಜಿಗೆಯೂ ಅಷ್ಟೇ. ಅಂಥ ರಾಗಿಯನ್ನೇ ಫ್ಲೋರೈಡ್ ನೀರಿನಲ್ಲಿ ಬೇಯಿಸುತ್ತಿದ್ದೇವಲ್ಲ ಎಂಬುದು ನನ್ನ ಸಂಕಟ. ದಿನಕ್ಕೆ ಇನ್ನೊಂದು ಕ್ಯಾನ್ ಅಡುಗೆಮನೆಗೆ ಹೋಗಲೇಬೇಕು.

ಪರೀಕ್ಷೆ ಕಷ್ಟದ್ದಲ್ಲ. ಪಂಚಾಯಿತಿಯಲ್ಲಿ ಸಿಗುವ ಕಿಟ್ಟಿನ ದ್ರಾವಣವನ್ನು ನೀರಿಗೆ ಬೆರೆಸಿ, ಬಂದ ಬಣ್ಣವನ್ನು ಪಟ್ಟಿಯ ಪಕ್ಕ ಹಿಡಿದು ನೋಡಬೇಕು. ಹಲವು ಕಿಟ್‌ಗಳಲ್ಲಿ ಗುಲಾಬಿ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಹೆಚ್ಚು. ಒಂದೇ ಊರಿನ ಎರಡು ಬೋರ್‌ಗಳಲ್ಲಿ ಪ್ರಮಾಣ ಬೇರೆಬೇರೆ ಇರಬಹುದಾದ್ದರಿಂದ ಪ್ರತಿಯೊಂದನ್ನೂ ನೋಡಬೇಕು, ಬೇಸಿಗೆಯಲ್ಲಿ ಮತ್ತೊಮ್ಮೆ ನೋಡಬೇಕು. ಘಟಕದ ನೀರನ್ನೂ ಬಿಡಬಾರದು: ಪೊರೆ ಹಾಳಾದರೂ ನಾಣ್ಯಕ್ಕೆ ನೀರು ಬರುತ್ತಲೇ ಇರುತ್ತದೆ.