ಕಾರು ಕಲಿಯೋದು ಮ್ಯಾನುವಲ್‌ನಲ್ಲೋ, ಆಟೋಮ್ಯಾಟಿಕ್‌ನಲ್ಲೋ?

ಕಾರು ಕಲಿಯೋಕೆ ಹೊರಟಿದ್ದೀರಾ? ಮೊದಲು ಇದನ್ನ ಕೇಳಿ.

ಮ್ಯಾನುವಲ್‌ನಲ್ಲಿ ಮೂರು ಪೆಡಲ್: ಕ್ಲಚ್, ಬ್ರೇಕ್, ಆಕ್ಸಿಲರೇಟರ್. ಕ್ಲಚ್ ಒತ್ತಿದ್ರೆ ಇಂಜಿನ್‌ಗೂ ಚಕ್ರಕ್ಕೂ ಸಂಪರ್ಕ ತಪ್ಪುತ್ತೆ. ಆಗಲೇ ಗೇರ್ ಬದಲಾಯಿಸೋದು. ಕ್ಲಚ್ ಗಕ್ಕಂತ ಬಿಟ್ರೆ ಗಾಡಿ ಆಫ್! ಏರಿನಲ್ಲಿ ನಿಂತ್ರೆ ಹ್ಯಾಂಡ್‌ಬ್ರೇಕ್ ಹಾಕಿ. ಹೊರಡುವಾಗ ಕ್ಲಚ್ ಅರ್ಧ ಬಿಟ್ಟು (ಹಾಫ್ ಕ್ಲಚ್), ಗಾಡಿ ಮುಂದಕ್ಕೆ ಎಳೀತಿದೆ ಅನ್ನಿಸಿದಾಗ ಹ್ಯಾಂಡ್‌ಬ್ರೇಕ್ ಇಳಿಸಿ.

ಆಟೋಮ್ಯಾಟಿಕ್‌ನಲ್ಲಿ ಎರಡೇ ಪೆಡಲ್. ಎರಡಕ್ಕೂ ಬಲಗಾಲೇ, ಎಡಗಾಲಿಗೆ ಕೆಲಸವೇ ಇಲ್ಲ. ಡ್ರೈವ್‌ಗೆ ಹಾಕಿ ಬ್ರೇಕ್ ಬಿಟ್ರೆ, ಆಕ್ಸಿಲರೇಟರ್ ಮುಟ್ಟದಿದ್ರೂ ಹೆಚ್ಚಿನ ಕಾರುಗಳು ಮೆಲ್ಲಗೆ ಹೊರಡ್ತವೆ. ಸಿಗ್ನಲ್‌ನಲ್ಲಿ ಜೋಪಾನ!

ಲೈಸೆನ್ಸ್ ವಿಷಯಕ್ಕೆ ಬಂದ್ರೆ, ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಪಾಸಾದವರು ಆ ಲೈಸೆನ್ಸ್‌ನಲ್ಲಿ ಮ್ಯಾನುವಲ್ ಓಡಿಸುವಂತಿಲ್ಲ. ಮ್ಯಾನುವಲ್‌ನಲ್ಲಿ ಪಾಸಾದವರು ಎರಡನ್ನೂ ಓಡಿಸಬಹುದು.

ನನ್ನ ಸಲಹೆ: ಸಾಧ್ಯವಾದ್ರೆ ಮ್ಯಾನುವಲ್‌ನಲ್ಲೇ ಕಲೀರಿ. ಕ್ಲಚ್ ಭಯ ಬಿಡ್ತಿಲ್ವಾ? ಆಟೋಮ್ಯಾಟಿಕ್‌ನಲ್ಲಿ ಶುರು ಮಾಡಿ. ಕನ್ನಡಿ ನೋಡೋದು, ಅಂತರ ಕಾಯ್ದುಕೊಳ್ಳೋದು ಎರಡರಲ್ಲೂ ಕಲೀಲೇಬೇಕು.